ಹಾಜರಿ ಪುಸ್ತಕದ ಹೆಸರುಗಳು: ರಾಯಚೂರಿನ ಒಂದು ತರಗತಿಯ ಸ್ಮರಣೆ

1975ರ ಮಾರ್ಚ್ ತಿಂಗಳಲ್ಲಿ ರಾಯಚೂರು ನಗರದ ಗಂಡುಮಕ್ಕಳ ಪ್ರೌಢಶಾಲೆಯೊಂದರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತವರಲ್ಲಿ ನಾವೂ ಒಬ್ಬರು. ಅದಕ್ಕೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಉಳಿದಿರುವ ಸಹಪಾಠಿಗಳು ಒಂದೆಡೆ ಸೇರಿ, ತೀರಿಕೊಂಡವರ ಸ್ಮರಣೆ ಮಾಡಬೇಕೆಂದು ನಿಶ್ಚಯಿಸಿದರು. ನಮ್ಮಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಸಭಾಸೇವೆಯಲ್ಲಿ ಇರುವವರೆಂಬ ಕಾರಣಕ್ಕೆ ಮೃತರ ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸಿ ಓದುವ ಕೆಲಸವನ್ನು ನಮಗೆ ಒಪ್ಪಿಸಲಾಯಿತು. ಸುಲಭದ ಕೆಲಸವೆಂದು ಭಾವಿಸಿದೆವು. ಪರೀಕ್ಷೆಗೆ ಕುಳಿತವರ ಯಾದಿಯನ್ನು ಎದುರಿಗಿಟ್ಟುಕೊಂಡು, ಒಬ್ಬೊಬ್ಬರ ಸಂಗತಿಯನ್ನೂ ವಿಚಾರಿಸಿ, ಇಲ್ಲದವರ ಹೆಸರಿನ ಮುಂದೆ ಗುರುತು ಹಾಕಿದೆವು. ಸ್ಮರಣೆಯ ದಿನ ಒಂದೊಂದು ಹೆಸರನ್ನೂ ನಿಧಾನವಾಗಿ ಓದಿ, ಪ್ರತಿಯೊಂದರ ತರುವಾಯ ಒಂದು ಕ್ಷಣ ಮೌನವಾಗಿದ್ದೆವು.

ಎಲ್ಲ ಮುಗಿದು ಜನ ಚಹಾಕ್ಕೆ ಏಳುತ್ತಿದ್ದಾಗ ದೇವದುರ್ಗದ ಕಡೆಯಿಂದ ಬಂದಿದ್ದ ಒಬ್ಬ ಹಿರಿಯ ಹೆಣ್ಣುಮಗಳು ಮೊಮ್ಮಗನ ಕೈ ಹಿಡಿದು ನಮ್ಮ ಬಳಿ ಬಂದರು. “ಯಣ್ಣಾ, ನಮ್ಮನಿಯವ್ರ ಹೆಸರು ಬರಲೇ ಇಲ್ಲಲ್ರಿ?” ಎಂದರು. ಯಾರೆಂದು ಕೇಳಿದೆವು. ನಮ್ಮ ಸೀಮೆಯ ಆ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ; ಆಕೆ ತಲೆ ತಗ್ಗಿಸಿ ಮೊಮ್ಮಗನ ಕಡೆ ನೋಡಿದರು. ಹುಡುಗ ಹೆಸರು ಹೇಳಿದ. ಹೇಳಿದ ಕೂಡಲೇ ಎಂಟನೆಯ ತರಗತಿಯ ಎರಡನೆಯ ಸಾಲು, ಕಿಟಕಿಯ ಪಕ್ಕದ ಬೆಂಚು, ಅಂಗಿಗೆ ಗುಂಡಿಯ ಬದಲು ಪಿನ್ನು ಚುಚ್ಚಿಕೊಂಡು ಬರುತ್ತಿದ್ದ ಆ ಹುಡುಗ ನಮ್ಮ ಕಣ್ಣೆದುರಿಗೆ ಬಂದು ನಿಂತ. 1972ರ ಬರಗಾಲದಲ್ಲಿ ಶಾಲೆ ಬಿಟ್ಟು ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋದವನು ಅವನು. ಪರೀಕ್ಷೆಗೆ ಕೂಡಲಿಲ್ಲ; ಆದುದರಿಂದ ನಮ್ಮ ಯಾದಿಯಲ್ಲಿರಲಿಲ್ಲ. ಆದರೆ ಊರಲ್ಲಿ ಅವನು ಜೀವಮಾನವೆಲ್ಲ ತಾನು ರಾಯಚೂರಿನ ಆ ಶಾಲೆಯಲ್ಲಿ ಓದಿದವನೆಂದೇ ಹೇಳಿಕೊಂಡಿದ್ದನಂತೆ.

ಪ್ರಸ್ತುತ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ಒಂದು ತರಗತಿಯನ್ನು ಸ್ಮರಿಸುವುದೆಂದರೆ ಯಾರನ್ನು ಸ್ಮರಿಸುವುದು? ತೇರ್ಗಡೆಯಾದವರನ್ನೋ, ಪರೀಕ್ಷೆಗೆ ಕುಳಿತವರನ್ನೋ, ಹಾಜರಿ ಕೂಗಿದಾಗ ಒಮ್ಮೆಯಾದರೂ “ಹಾಜರ್” ಎಂದವರೆಲ್ಲರನ್ನೋ? ನಮ್ಮ ಸಭೆಯ ಚರಿತ್ರೆಯೂ ನಮ್ಮ ನಾಡಿನ ಚರಿತ್ರೆಯೂ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿವೆ, ಹೆಚ್ಚಿನ ಸಲ ನಾವು ಮಾಡಿದಂತೆಯೇ ಅವಸರದಲ್ಲಿ ಉತ್ತರಿಸಿವೆ.

ರಾಯಚೂರು ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನಾಡು. ಹಳೆಯ ಶಾಸನಗಳು ಅದನ್ನು ಎಡೆದೊರೆ ಎಂದು ಕರೆದವು. ಹೆಸರುಗಳನ್ನು ಕಲ್ಲಿನಲ್ಲಿ ಬರೆಯುವ ಅಭ್ಯಾಸ ಇಲ್ಲಿ ಬಹಳ ಹಿಂದಿನದು. ದೇವಾನಾಂಪ್ರಿಯ ಎಂಬ ಬಿರುದಿನ ಹಿಂದೆ ಇರುವ ಅರಸನು ಯಾರೆಂಬುದು ವಿದ್ವಾಂಸರಿಗೆ ಬಹುಕಾಲ ಊಹೆಯ ಮಾತಾಗಿತ್ತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಕಂಡ ಶಾಸನವು ಆ ಬಿರುದಿನ ಜೊತೆಯಲ್ಲಿಯೇ ಅಶೋಕನೆಂಬ ಸ್ವಂತ ಹೆಸರನ್ನು ತೋರಿಸಿತು. ಚಕ್ರವರ್ತಿಗೂ ತನ್ನ ಹೆಸರು ಮರಳಿ ಸಿಕ್ಕಿದ್ದು ನಮ್ಮ ಜಿಲ್ಲೆಯ ಒಂದು ಬಂಡೆಯಿಂದ.

ಇನ್ನೊಂದು ಕಲ್ಲು ನಗರದ ನಡುವೆಯೇ ಇದೆ. ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಹಾಸುಬಂಡೆ. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನ. ಕೋಟೆ ಕಟ್ಟಿಸಿದ ಒಡೆಯನ ಹೆಸರು ಅದರಲ್ಲಿ ಉಂಟು. ನಾವು ಶಾಲೆ ತಪ್ಪಿಸಿ ಕೋಟೆ ಹತ್ತುತ್ತಿದ್ದ ದಿನಗಳಲ್ಲಿ ಆ ಅಕ್ಷರಗಳು ನಮಗೆ ತಿಳಿಯುತ್ತಿರಲಿಲ್ಲ. ನಾವು ನೋಡುತ್ತಿದ್ದದ್ದು ಅಲ್ಲಿ ಕೆತ್ತಿರುವ ಚಿತ್ರವನ್ನು. ಆ ಬಂಡೆಯನ್ನು ಬಂಡಿಯ ಮೇಲೇರಿಸಿ, ಉದ್ದಕ್ಕೆ ಹೂಡಿದ ಕೋಣಗಳಿಂದ ಎಳೆಸಿ, ಚಕ್ರಕ್ಕೆ ಮೀಟುಗೋಲು ಕೊಟ್ಟು ತಳ್ಳುತ್ತಿರುವ ಜನರ ಚಿತ್ರ ಅದು. ಒಡೆಯನಿಗೆ ಹೆಸರುಂಟು, ಎಳೆದವರಿಗೆ ಇಲ್ಲ. ಆದರೆ ಶಿಲ್ಪಿ ಅವರನ್ನು ಬಿಡಲಿಲ್ಲ ಎಂಬುದೂ ನಿಜ. ಹೆಸರು ಬರೆಯಲು ಅಪ್ಪಣೆಯಿಲ್ಲದವನು ಮೈ ಕೆತ್ತಿದ.

ಮಾನ್ವಿ ಮತ್ತು ದೇವದುರ್ಗಗಳಿಗೆ ಬಂದರೆ ಸ್ಮರಣೆಯ ಬೇರೊಂದು ಕ್ರಮ ಕಾಣುತ್ತದೆ. ವಿಜಯದಾಸರ ಹುಟ್ಟೂರು ಮಾನ್ವಿ ಸೀಮೆಯ ಚೀಕಲಪರವಿ. ಅವರ ಶಿಷ್ಯರಾದ ಗೋಪಾಲದಾಸರದು ದೇವದುರ್ಗ ಸೀಮೆಯ ಮೊಸರಕಲ್ಲು. ಗೋಪಾಲದಾಸರ ಶಿಷ್ಯರಾದ ಜಗನ್ನಾಥದಾಸರದು ಮತ್ತೆ ಮಾನ್ವಿ ಸೀಮೆಯ ಬ್ಯಾಗವಾಟ. ಇವರು ಶಾಲೆಯ ಸಹಪಾಠಿಗಳಲ್ಲ, ಗುರುಶಿಷ್ಯ ಪರಂಪರೆಯವರು. ಆದರೂ ಒಂದು ಮಾತು ನಮ್ಮ ವಿಷಯಕ್ಕೆ ಹೊಂದುತ್ತದೆ. ದಾಸನಿಗೆ ಅಂಕಿತವನ್ನು ಕೊಡುವವರು ಗುರುಗಳು. ಆ ಅಂಕಿತವನ್ನು ಅವನು ಪ್ರತಿ ಹಾಡಿನ ಕೊನೆಯಲ್ಲಿ ಇಡುತ್ತಾನೆ. ಹಾಡುವವನು ಯಾವ ಜಾತಿಯವನಾಗಲಿ, ಯಾವ ಶತಮಾನದವನಾಗಲಿ, ಹಾಡು ಮುಗಿಯಬೇಕಾದರೆ ಆ ಹೆಸರನ್ನು ಬಾಯಲ್ಲಿ ತರಲೇಬೇಕು. ಪಟ್ಟಿಯಲ್ಲಿ ಬರೆದಿಟ್ಟ ಹೆಸರು ಹಾಳೆಯೊಡನೆ ಹರಿದುಹೋಗುತ್ತದೆ. ಉಪಯೋಗದೊಳಗೆ ಸೇರಿಸಿದ ಹೆಸರು ಹಾಗೆ ಹೋಗುವುದಿಲ್ಲ. ಕರ್ತನ ಭೋಜನದ ಮೇಜಿನ ಸುತ್ತ ನಾವು ಮಾಡುವ ಜ್ಞಾಪಕವನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ಅನಮ್ನೇಸಿಸ್ ಎಂಬ ಗ್ರೀಕ್ ಪದವನ್ನು ಕರಿಹಲಗೆಯ ಮೇಲೆ ಬರೆಯುವುದಕ್ಕಿಂತ ಒಂದು ದಾಸರ ಪದದ ಅಂಕಿತವನ್ನು ತೋರಿಸುವುದು ಸುಲಭವೆಂದು ನಮಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮ ಸಭೆಯ ಚರಿತ್ರೆ ತರಗತಿಗಳನ್ನು ಹೇಗೆ ಸ್ಮರಿಸಿದೆ? ಕನ್ನಡ ಕ್ರೈಸ್ತರೆಲ್ಲರೂ ಬಲ್ಲ ಒಂದು ದೃಷ್ಟಾಂತ ಮಂಗಳೂರಿನದು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ನಡೆಸುತ್ತಿದ್ದ ಇಂಗ್ಲಿಷ್ ಶಾಲೆಯ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯನು 1844ರ ಜನವರಿ 6ರಂದು ದೀಕ್ಷಾಸ್ನಾನ ಹೊಂದಿ ಹೆರ್ಮನ್ ಎಂಬ ಹೆಸರನ್ನು ಪಡೆದನು. ಆ ಹೆಸರು ಅವನ ಗುರು ಹೆರ್ಮನ್ ಮೋಗ್ಲಿಂಗ್ ಅವರದು. ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು. 1846ರಲ್ಲಿ ಮೋಗ್ಲಿಂಗ್ ಅವರೊಡನೆ ಬಾಸೆಲಿಗೆ ಹೋಗಿ, ಅಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿ ಬಂದ ಕೌಂಡಿನ್ಯರ ಸೇವೆಯನ್ನು ನಾವು ಇಂದಿಗೂ ಪಾಠದಲ್ಲಿ ಹೇಳುತ್ತೇವೆ, ಹೇಳಬೇಕಾದುದೇ. ಆದರೆ ಅದೇ ದಿನ ಅವರೊಡನೆ ನೀರಿಗೆ ನಿಂತ ಶಾಲೆಯ ಗೆಳೆಯರ ಹೆಸರನ್ನು ನಮ್ಮ ಓದುಗರಲ್ಲಿ ಎಷ್ಟು ಮಂದಿ ತಟ್ಟನೆ ಹೇಳಬಲ್ಲರು? ಅದೇ ಶಾಲೆಯಲ್ಲಿ ಕಲಿತು, ದೀಕ್ಷೆ ಪಡೆಯದೆ, ಗುಮಾಸ್ತರಾಗಿ, ವಕೀಲರಾಗಿ, ಕೃಷಿಕರಾಗಿ ಬದುಕಿ ತೀರಿಕೊಂಡವರ ಮಾತಂತೂ ದೂರವೇ ಉಳಿಯಿತು. ಮಿಷನ್ ವರದಿಗಳಿಗೆ ಬೇಕಾಗಿದ್ದದ್ದು ಫಲ. ಫಲವೆಂದು ಎಣಿಸಲಾಗದ ಹುಡುಗನು ವರದಿಯಿಂದ ಬಿದ್ದುಹೋದನು. ಶಾಲಾಖಾತೆಯವರು ತೇರ್ಗಡೆಯ ಶೇಕಡಾವಾರು ಲೆಕ್ಕ ಹಾಕುವಾಗಲೂ ಇದೇ ನಡೆಯುತ್ತದೆ. ಪದ ಬೇರೆ, ಪದ್ಧತಿ ಒಂದೇ.

ಮಂಗಳೂರಿನಿಂದ ರಾಯಚೂರಿಗೆ ಬಂದ ಇನ್ನೊಬ್ಬರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. 1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಆಗ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ ಆಡಳಿತ ಉರ್ದುವಿನಲ್ಲಿ, ಮೇಲಿನ ಶಿಕ್ಷಣ ಉರ್ದುವಿನಲ್ಲಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾಮಾಧ್ಯಮವೂ ಉರ್ದುವೇ. ಮನೆಯಲ್ಲಿ ಕನ್ನಡ ಅಥವಾ ತೆಲುಗು ಆಡುವ ಹುಡುಗ ಪರಭಾಷೆಯಲ್ಲಿ ಲೆಕ್ಕ ಕಲಿಯಬೇಕಾದ ಕಾಲ. ಆ ಕಾಲದಲ್ಲಿ ಹಿಂದೂ ಮುಸ್ಲಿಮರ ಭೇದವೆಣಿಸದ ಒಂದು ಶಾಲೆಗೆ ಹಮ್‌ದರ್ದ್ ಎಂದು ಹೆಸರಿಟ್ಟದ್ದು ಸಣ್ಣ ಸಂಗತಿಯಲ್ಲ. ‘ಹಮ್’ ಎಂದರೆ ಜೊತೆ, ‘ದರ್ದ್’ ಎಂದರೆ ನೋವು, ನೋವಿನಲ್ಲಿ ಜೊತೆಯಾಗುವವನು. ಕ್ರಿಸ್ತನ ಸಹವೇದನೆಯ ಕುರಿತು ನಾವು ಬರೆಯುವ ಪುಟಗಟ್ಟಲೆ ವಿವರಣೆಯನ್ನು ರಾಯಚೂರಿನ ಜನ ಒಂದು ಶಾಲೆಯ ಫಲಕದಲ್ಲಿ ಓದುತ್ತಿದ್ದರು. ತಾರಾನಾಥರು ಕೊನೆಗೆ ನಿಜಾಮರ ಸೀಮೆಯನ್ನು ಬಿಟ್ಟು ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮವನ್ನು ಕಟ್ಟಿದರು, 1942ರಲ್ಲಿ ತೀರಿಕೊಂಡರು. ಅವರ ನೆನಪು ನಗರದಲ್ಲಿ ಉಳಿದಿದೆ. ಅವರ ಮೊದಲ ತರಗತಿಯಲ್ಲಿ ಕುಳಿತ ಹುಡುಗರ ನೆನಪು ಆಯಾ ಮನೆಗಳಲ್ಲಿ ಮಾತ್ರ ಉಳಿದಿರಬೇಕು, ಉಳಿದಿದ್ದರೆ.

1934ರಲ್ಲಿ ಇದೇ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಪಂಜೆ ಮಂಗೇಶರಾಯರು. ಅವರು ವೃತ್ತಿಯಿಂದ ಶಿಕ್ಷಕರು, ಮಕ್ಕಳ ಪಾಠಪುಸ್ತಕಗಳನ್ನು ಬರೆದವರು. ಉರ್ದು ಆಡಳಿತದ ಊರಿನಲ್ಲಿ ಕನ್ನಡ ಶಾಲೆಯ ಮಾಸ್ತರೊಬ್ಬರನ್ನು ಪೀಠದ ಮೇಲೆ ಕೂಡಿಸಿದ್ದು ನಮಗೆ ಯಾವಾಗಲೂ ಸರಿಯೆನಿಸಿದ ಆಯ್ಕೆ.

ಹಳೆಯ ದಾಖಲೆಗಳ ಕುರಿತು ಒಂದು ಮಾತು. ಸಂಸ್ಥಾನದ ಕಾಲದ ದಾಖಲಾತಿ ಪುಸ್ತಕಗಳು ಉರ್ದುವಿನಲ್ಲಿರುತ್ತಿದ್ದವು. ಇಸವಿಯ ಬದಲು ಫಸಲಿ ವರ್ಷ. ಫಸಲಿ ವರ್ಷಕ್ಕೆ 590 ಸೇರಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಬರುತ್ತದೆ. ಕನ್ನಡದಲ್ಲಿ ಓದಿದ ಮೊಮ್ಮಗನು ತನ್ನ ಅಜ್ಜನ ಹೆಸರಿನ ಮೇಲೆ ಬೆರಳಿಟ್ಟರೂ ಅದು ಅಜ್ಜನ ಹೆಸರೆಂದು ತಿಳಿಯದೆ ಹಾಳೆ ತಿರುಗಿಸಬಹುದು. ಫಸಲಿ 1357, ಎಂದರೆ 1947-48ರ ಪುಸ್ತಕಗಳ ಅವಸ್ಥೆ ಇನ್ನೂ ವಿಚಿತ್ರವಾಗಿರಬೇಕು. ಹೋರಾಟಕ್ಕೆ ಧುಮುಕಿ ಶಾಲೆ ಬಿಟ್ಟ ಹುಡುಗರು, ರಜಾಕಾರರ ಭಯಕ್ಕೆ ಮನೆಮಂದಿಯೊಡನೆ ತುಂಗಭದ್ರೆ ದಾಟಿ ಮದ್ರಾಸ್ ಪ್ರಾಂತಕ್ಕೆ ಹೋದ ಹುಡುಗರು, 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ತರುವಾಯ ಊರನ್ನೇ ಬಿಟ್ಟುಹೋದ ಮುಸ್ಲಿಂ ಮನೆತನಗಳ ಹುಡುಗರು: ಹಾಜರಿ ಪುಸ್ತಕ ಇವರೆಲ್ಲರಿಗೂ ಗೈರುಹಾಜರಿಯ ಒಂದೇ ಗುರುತನ್ನು ಹಾಕುತ್ತದೆ. ಕಾರಣ ಬರೆಯಲು ಆ ಚೌಕದಲ್ಲಿ ಜಾಗವಿಲ್ಲ.

ನಮ್ಮ ತರಗತಿಗೆ ಮರಳೋಣ. ನಾವು ಶಾಲೆ ಸೇರುವ ವೇಳೆಗೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ಬಹಳ ವರ್ಷಗಳಾಗಿದ್ದವು. ಎಂಟನೆಯ ತರಗತಿಯಲ್ಲಿದ್ದದ್ದು ಮೈಸೂರು ರಾಜ್ಯದಲ್ಲಿ, ಒಂಬತ್ತಕ್ಕೆ ಬಂದಾಗ ರಾಜ್ಯದ ಹೆಸರು ಕರ್ನಾಟಕವಾಯಿತು. ಮಾನ್ವಿಯಿಂದ ಬಂದ ಹುಡುಗರಲ್ಲಿ ಕೆಲವರ ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿತ್ತು. ಕೆಲವರದು ಕಾಲುವೆಯ ಕೊನೆಯ ಭಾಗ, ಅಲ್ಲಿಗೆ ನೀರು ಬಂದರೆ ಬಂತು. ದೇವದುರ್ಗದ ಹುಡುಗರಿಗೆ ಅದೂ ಇಲ್ಲ. ನಾರಾಯಣಪುರ ಅಣೆಕಟ್ಟಿನ ಬಲದಂಡೆ ಕಾಲುವೆ ಆ ಸೀಮೆಗೆ ಬಂದದ್ದು ನಾವೆಲ್ಲ ಗೃಹಸ್ಥರಾದ ಮೇಲೆ. ಆದುದರಿಂದ 1972ರ ಬರಗಾಲ ನಮ್ಮ ತರಗತಿಯ ಮೂಲಕ ಹಾದುಹೋದಾಗ ಎಲ್ಲ ಬೆಂಚುಗಳನ್ನು ಒಂದೇ ಸಮನಾಗಿ ಮುಟ್ಟಲಿಲ್ಲ. ದಸರೆಯ ರಜೆಗೆ ಊರಿಗೆ ಹೋದವರಲ್ಲಿ ಕೆಲವರು ಮರಳಲಿಲ್ಲ. ಮಾಸ್ತರರು ಕೆಲವು ದಿನ ಅವರ ಹೆಸರು ಕೂಗಿದರು. ಆಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ನಾವು ಮುಂದಿನ ಬೆಂಚಿಗೆ ಸರಿದು ಕುಳಿತೆವು. ಜಾಗ ಸಿಕ್ಕಿದ್ದಕ್ಕೆ ಸಂತೋಷಪಟ್ಟಿದ್ದೂ ನೆನಪಿದೆ.

ಹೊಸ ಯಾದಿಗಾಗಿ ನಾವು ಎಂಟನೆಯ ತರಗತಿಯ ಹಾಜರಿ ಪುಸ್ತಕದಿಂದ ಪ್ರಾರಂಭಿಸಿದೆವು. ಮೊದಲು ಕಂಡದ್ದು ನಗು ತರಿಸುವ ಸಂಗತಿ. ದಾಖಲಾತಿ ಪುಸ್ತಕದ ಪ್ರಕಾರ ನಮ್ಮಲ್ಲಿ ಬಹುಮಂದಿ ಜೂನ್ 1ರಂದು ಹುಟ್ಟಿದವರು. ಹಳ್ಳಿಯಿಂದ ಮಗನನ್ನು ಕರೆತಂದ ತಂದೆಗೆ ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ. ಕೈಯನ್ನು ತಲೆಯ ಮೇಲಿಂದ ಹಾಯಿಸಿ ಕಿವಿ ಮುಟ್ಟುತ್ತದೆಯೇ ಎಂದು ನೋಡಿ, ಶಾಲೆ ತೆರೆಯುವ ದಿನವನ್ನೇ ಹೆಡ್‌ಮಾಸ್ತರರು ಬರೆದುಬಿಡುತ್ತಿದ್ದರು. ಹುಟ್ಟುಹಬ್ಬದ ಶುಭಾಶಯಗಳು ಈಗ ನಮ್ಮ ಮೊಬೈಲುಗಳಿಗೆ ಒಂದೇ ದಿನ ಬಂದು ಬೀಳುತ್ತವೆ.

ಎರಡನೆಯದು ನಗುವ ಸಂಗತಿಯಲ್ಲ. ನಮ್ಮ ಕ್ರೈಸ್ತ ಸಹಪಾಠಿಗಳನ್ನು ಹುಡುಕುತ್ತಾ ಹೋದಾಗ ಹಾಜರಿ ಪುಸ್ತಕದಲ್ಲಿ ಅವರು ಇರಲೇ ಇಲ್ಲ. ಭಾನುವಾರ ನಮ್ಮ ಪಕ್ಕದಲ್ಲಿ ನಿಂತು ಕೀರ್ತನೆ ಹಾಡಿದ ಸ್ಯಾಮುವೆಲರು, ದೇವಪುತ್ರರು, ಯೇಸುದಾಸರು ಸೋಮವಾರದ ಪುಸ್ತಕದಲ್ಲಿ ಹನುಮಂತರೂ ಯಲ್ಲಪ್ಪರೂ ಆಗಿದ್ದರು. ಕಾರಣ ಓದುಗರಿಗೆ ತಿಳಿದದ್ದೇ. 1950ರ ರಾಷ್ಟ್ರಪತಿಯವರ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂ ಧರ್ಮದವರಿಗೆ ಸೀಮಿತಗೊಳಿಸಿತು; 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು; ದಲಿತ ಕ್ರೈಸ್ತರು ಹೊರಗೇ ಉಳಿದರು. ಅಸ್ಪೃಶ್ಯತೆ ಮಾತ್ರ ಯಾರ ದೀಕ್ಷಾಸ್ನಾನವನ್ನೂ ಲೆಕ್ಕಿಸಲಿಲ್ಲ. ಕೇರಿಯ ಬಾವಿ ಬೇರೆ, ಹೋಟೆಲಿನ ಲೋಟ ಬೇರೆ, ವಿದ್ಯಾರ್ಥಿವೇತನದ ಅರ್ಜಿ ಮಾತ್ರ ಇಲ್ಲ. ಆದುದರಿಂದ ತಂದೆತಾಯಿಗಳು ಮಗನಿಗೆ ಎರಡು ಹೆಸರು ಕೊಟ್ಟರು: ಒಂದು ಸಭೆಯ ದಾಖಲೆಗೆ, ಒಂದು ಶಾಲೆಯ ದಾಖಲೆಗೆ. ಇದನ್ನು ಅಪ್ರಾಮಾಣಿಕತೆಯೆಂದು ಕರೆದ ಬೋಧಕರನ್ನು ನಾವು ಬಲ್ಲೆವು. ಪ್ರಸಂಗಪೀಠದಿಂದ ಹಾಗೆ ಹೇಳಿದವರ ಮಕ್ಕಳಲ್ಲಿ ಯಾರೂ ಹಾಸ್ಟೆಲಿನ ಊಟಕ್ಕಾಗಿ ಹೆಸರು ಬದಲಿಸಬೇಕಾಗಿರಲಿಲ್ಲ ಎಂಬುದನ್ನಷ್ಟೇ ಇಲ್ಲಿ ದಾಖಲಿಸುತ್ತೇವೆ.

ಹಾಗಾದರೆ ಸ್ಮರಣೆಯಲ್ಲಿ ಓದಬೇಕಾದದ್ದು ಯಾವ ಹೆಸರು? ಸಹಸೇವಕರಲ್ಲಿ ಒಬ್ಬರು ದೀಕ್ಷಾಸ್ನಾನದ ಹೆಸರೊಂದೇ ನಿಜವಾದದ್ದು, ಕುರಿಮರಿಯಾದಾತನ ಜೀವಪುಸ್ತಕದಲ್ಲಿರುವುದು ಅದೇ ಎಂದರು. ಇನ್ನೊಬ್ಬರು ತಮ್ಮ ಮಾತನ್ನು ಮೆಲ್ಲಗೆ ಹೇಳಿದರು: ಆ ಹೆಸರನ್ನು ಸಾರ್ವಜನಿಕವಾಗಿ ಓದಿ, ವರದಿಯಲ್ಲಿ ಅಚ್ಚುಮಾಡಿಸಿದರೆ, ತೀರಿಕೊಂಡವನಿಗೆ ಏನೂ ಆಗದು, ಅವನ ಮೊಮ್ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಕುತ್ತು ಬಂದೀತು. ಸ್ಮರಣೆಯೇ ಕುಟುಂಬಕ್ಕೆ ಅಪಾಯವಾಗುವ ಸ್ಥಿತಿಯನ್ನು ಕುರಿತು ನಮ್ಮ ದೇವಶಾಸ್ತ್ರದ ಗ್ರಂಥಗಳಲ್ಲಿ ನಾವು ಅಧ್ಯಾಯವೊಂದನ್ನೂ ಕಂಡಿಲ್ಲ. ಹೆಸರುಗಳನ್ನು ಕುರಿತ ಈ ಲೇಖನದಲ್ಲಿ ನಮ್ಮ ಸಹಪಾಠಿಗಳ ಒಂದು ಹೆಸರನ್ನೂ ಅಚ್ಚಿಸದಿರುವುದಕ್ಕೆ ಕಾರಣ ಇದೇ. ಓದುಗರು ಇದನ್ನು ಮರೆವೆಂದು ತಿಳಿಯಬಾರದು.

ಸತ್ಯವೇದದಲ್ಲಿಯೂ ಪಟ್ಟಿಗಳ ಜಗಳಗಳುಂಟು. ಬಾಬೆಲಿನಿಂದ ಮರಳಿದವರ ಯಾದಿಯನ್ನು ಕೊಡುವ ಎಜ್ರನ ಎರಡನೆಯ ಅಧ್ಯಾಯದಲ್ಲಿ, ತಮ್ಮ ವಂಶಾವಳಿಯ ಪತ್ರವನ್ನು ಹುಡುಕಿ ಅದು ಸಿಕ್ಕದೆ ಯಾಜಕತ್ವದಿಂದ ಹೊರಗಿಡಲ್ಪಟ್ಟ ಮನೆತನಗಳ ಪ್ರಸ್ತಾಪವಿದೆ. ಅವರ ಸೇವೆಯನ್ನೋ ಭಕ್ತಿಯನ್ನೋ ಯಾರೂ ಪ್ರಶ್ನಿಸಲಿಲ್ಲ. ಪತ್ರ ಸಿಕ್ಕಲಿಲ್ಲ, ಅಷ್ಟೇ. ತಹಸೀಲ್ದಾರ ಕಚೇರಿಯ ಕಿಟಕಿಯಲ್ಲಿ ನಿಂತವರಿಗೆ ಆ ವಚನಗಳಿಗೆ ಭಾಷ್ಯ ಬೇಕಾಗಿಲ್ಲ. ಆದರೆ ನಮ್ಮ ಗಮನಕ್ಕೆ ಬಂದ ವಿಶೇಷ ಬೇರೆ: ಹೊರಗಿಟ್ಟವರ ಹೆಸರನ್ನೂ ಅದೇ ಅಧ್ಯಾಯ ಬರೆದಿಟ್ಟಿದೆ. ಪಟ್ಟಿಯಲ್ಲಿ ಇಲ್ಲದವರು ಎಂಬ ಹೆಸರಿನಿಂದಲೇ ಅವರು ಪಟ್ಟಿಯೊಳಗೆ ಬಂದಿದ್ದಾರೆ.

ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯವನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಪರೀಕ್ಷೆಗೆ ಬರುವುದಿಲ್ಲವೆಂದು ಬಿಡುತ್ತಿದ್ದೆವು. ಅದರಲ್ಲಿ ಪೌಲನ ಮಾತನ್ನು ಬರೆದುಕೊಂಡ ತೆರ್ತ್ಯನು ತನ್ನ ವಂದನೆಯನ್ನು ತಾನೇ ಸೇರಿಸುತ್ತಾನೆ. ಮರುವಚನದಲ್ಲಿ ಕ್ವರ್ತನೆಂಬ ಸಹೋದರನ ವಂದನೆಯಿದೆ. ಲ್ಯಾಟಿನ್ ಭಾಷೆಯಲ್ಲಿ ತೆರ್ತ್ಯ ಎಂದರೆ ಮೂರನೆಯವನು, ಕ್ವರ್ತ ಎಂದರೆ ನಾಲ್ಕನೆಯವನು. ಗುಲಾಮರಿಗೂ ಕೆಳವರ್ಗದವರಿಗೂ ಇಂಥ ಹೆಸರುಗಳಿರುತ್ತಿದ್ದವು. ಹಾಜರಿ ಸಂಖ್ಯೆ ಮೂರು, ಹಾಜರಿ ಸಂಖ್ಯೆ ನಾಲ್ಕು. ಅವರ ನಡುವೆಯೇ ಪಟ್ಟಣದ ಖಜಾಂಚಿಯಾದ ಎರಸ್ತನ ಹೆಸರು ಬರುತ್ತದೆ, ನಮ್ಮ ತರಗತಿಯಲ್ಲಿ ಮುಂದೆ ಅಧಿಕಾರಿಯಾದವನ ಹಾಗೆ. ಪೌಲನು ಅವರನ್ನು ಹುದ್ದೆಯ ಅನುಕ್ರಮದಲ್ಲಿ ನಿಲ್ಲಿಸಲಿಲ್ಲ.

ಆದಿಸಭೆ ಆರಾಧನೆಯಲ್ಲಿ ಜೀವಂತರ ಮತ್ತು ಮೃತರ ಹೆಸರುಗಳನ್ನು ಎರಡು ಮಡಿಕೆಯ ಫಲಕಗಳಿಂದ ಓದುತ್ತಿತ್ತು. ಅದೂ ನಿರ್ಮಲವಾಗಿ ಉಳಿಯಲಿಲ್ಲ. ಯೋಹಾನ ಕ್ರಿಸೊಸ್ತೊಮನು ಗಡೀಪಾರಿನಲ್ಲಿ, 407ರಲ್ಲಿ ತೀರಿಕೊಂಡಾಗ ಅವನ ಹೆಸರನ್ನು ಫಲಕದಿಂದ ಕೈಬಿಡಲಾಗಿತ್ತು. ಕೆಲವು ವರ್ಷಗಳ ಜಗಳದ ನಂತರ, ಅವನ ವಿರೋಧಿಗಳಲ್ಲಿ ಒಬ್ಬನಾಗಿದ್ದ ಕಾನ್‌ಸ್ಟಾಂಟಿನೋಪಲಿನ ಅತ್ತಿಕನೇ ಅದನ್ನು ಮರಳಿ ಸೇರಿಸಿದನು. ಹೆಸರನ್ನು ಅಳಿಸುವುದೂ ಒಂದು ತೀರ್ಪು, ಮರಳಿ ಬರೆಯುವುದೂ ಒಂದು ತೀರ್ಪು ಎಂಬುದನ್ನು ಆ ಕಾಲದವರು ಚೆನ್ನಾಗಿ ಬಲ್ಲವರಾಗಿದ್ದರು. ನಾವು ಅಳಿಸಿರಲಿಲ್ಲ, ಬರೆದೇ ಇರಲಿಲ್ಲ. ಆದುದರಿಂದ ತಪ್ಪೆಂದು ಗೊತ್ತಾಗುವುದಕ್ಕೂ ಒಬ್ಬ ವಿಧವೆ ದೇವದುರ್ಗದಿಂದ ಬಸ್ಸು ಹತ್ತಿ ಬರಬೇಕಾಯಿತು.

ಇದು ಕಳೆದುಹೋದ ಕಾಲದ ಮಾತೆಂದು ಯಾರಾದರೂ ಹೇಳಿಯಾರು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇಕಡಾ 59.56; ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಅಕ್ಷರಸ್ಥರು. ಸುಗ್ಗಿ ಮುಗಿದ ಮೇಲೆ ದೇವದುರ್ಗದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಡುವ ಬಸ್ಸುಗಳಲ್ಲಿ ಗಂಟುಮೂಟೆಗಳ ನಡುವೆ ಶಾಲೆಯ ಚೀಲಗಳೂ ಇರುತ್ತವೆ. ನಮ್ಮದು ಗಂಡುಮಕ್ಕಳ ಶಾಲೆ. ನಮ್ಮ ಅಕ್ಕತಂಗಿಯರು ಯಾವ ಹಾಜರಿ ಪುಸ್ತಕದಿಂದಲೂ ಬಿದ್ದುಹೋಗಲಿಲ್ಲ, ಏಕೆಂದರೆ ಬಹುಮಂದಿಯ ಹೆಸರು ಹತ್ತಿರಲೇ ಇಲ್ಲ. ಅವರ ವಿಷಯ ಬೇರೊಂದು ಲೇಖನವನ್ನು ಬೇಡುತ್ತದೆ, ಅದನ್ನು ಬರೆಯಬೇಕಾದವರು ನಾವಲ್ಲ.

ಎರಡನೆಯ ಸ್ಮರಣೆಯನ್ನು ಮಳೆಗಾಲ ಕಳೆದ ಮೇಲೆ ದೇವದುರ್ಗದಲ್ಲಿಯೇ ಇಟ್ಟೆವು. ಮಾನ್ವಿಯವರು ಜೀಪು ಮಾಡಿಕೊಂಡು ಬಂದರು. ಈ ಸಲ ಯಾದಿಯನ್ನು ನಾವು ಓದಲಿಲ್ಲ. ಹಾಜರಿ ಪುಸ್ತಕದ ಅನುಕ್ರಮದಲ್ಲಿ ಸಂಖ್ಯೆಯನ್ನು ಮಾತ್ರ ಕೂಗಿದೆವು. ಆಯಾ ಸಂಖ್ಯೆಗೆ ಆಯಾ ಮನೆಯವರು ಎದ್ದು ನಿಂತು ತಮಗೆ ಸರಿತೋಚಿದ ಹೆಸರನ್ನು ಹೇಳಬೇಕೆಂದು ಏರ್ಪಾಡು. ಕೆಲವರು ಶಾಲೆಯ ಹೆಸರು ಹೇಳಿದರು, ಕೆಲವರು ಸಭೆಯ ಹೆಸರು, ಇಬ್ಬರು ಎರಡನ್ನೂ. ಒಬ್ಬ ಮುದುಕ ತನ್ನ ತಮ್ಮನಿಗೆ ಮನೆಯಲ್ಲಿ ಕರೆಯುತ್ತಿದ್ದ ಅಡ್ಡಹೆಸರನ್ನು ಹೇಳಿ ಕುಳಿತುಬಿಟ್ಟ. ಅದನ್ನು ನಾವು ಯಾರೂ ಕೇಳಿರಲಿಲ್ಲ. ಮನೆಯವರು ಯಾರೂ ಬಾರದಿದ್ದ ಸಂಖ್ಯೆಗಳಿಗೆ ಉಳಿದ ಸಹಪಾಠಿಗಳೆಲ್ಲರೂ ಒಟ್ಟಾಗಿ “ಹಾಜರ್” ಎಂದೆವು. ಮುಸಲ್ಮಾನ ಗೆಳೆಯರ ಸಲಹೆ ಅದು.

ಆ ತಾಯಿಯ ಸರದಿ ಬಂದಾಗ ಮೊಮ್ಮಗ ಎದ್ದು ನಿಂತ. ಆಕೆ ಅವನ ಅಂಗಿ ಹಿಡಿದು ಕೂಡಿಸಿ ತಾನೇ ಎದ್ದರು. ಮದುವೆಯ ದಿನ ನೆಂಟರೆಲ್ಲ ಒತ್ತಾಯಿಸಿದಾಗ ಹೆಣ್ಣು ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳುವ ಪದ್ಧತಿ ನಮ್ಮ ಕಡೆ ಉಂಟು. ಆಕೆ ಆ ದಿನ ಹೇಳಿದ್ದ ಒಡಪನ್ನೇ ಹೇಳಿದರು. ಅದರಲ್ಲಿ ಹೆಸರು ಬಂತು. ಹೆಂಗಸರು ನಕ್ಕರು, ಆಕೆಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ನಾವು ಅವನ ಸಂಖ್ಯೆಯ ಮುಂದಿನ ಕೆಂಪು ಗೆರೆಯ ಪಕ್ಕದಲ್ಲಿ ಹೆಸರನ್ನು ಆಕೆ ಹೇಳಿದ ಉಚ್ಚಾರದಲ್ಲಿಯೇ ಬರೆದುಕೊಂಡೆವು; ಮಾಸ್ತರರು ಬರೆದದ್ದಕ್ಕೂ ಅದಕ್ಕೂ ಒಂದು ಒತ್ತಕ್ಷರದ ವ್ಯತ್ಯಾಸವಿತ್ತು.

ನಮ್ಮ ನೋಟುಪುಸ್ತಕದಲ್ಲಿ ಇನ್ನೂ ಎರಡು ಸಂಖ್ಯೆಗಳ ಮುಂದೆ ಏನೂ ಬರೆದಿಲ್ಲ. ಹಾಜರಿ ಪುಸ್ತಕದ ಆ ಮೂಲೆಯನ್ನು ಗೆದ್ದಲು ತಿಂದಿದೆ. ಒಬ್ಬನು ಮಾನ್ವಿಯ ಕಡೆಯವನು, ಎಡಗೈಯಲ್ಲಿ ಬರೆಯುತ್ತಿದ್ದನು. ಇನ್ನೊಬ್ಬನು ಎಲ್ಲಿಯವನೆಂಬ ಬಗ್ಗೆ ನಮ್ಮ ನಮ್ಮಲ್ಲಿಯೇ ಒಮ್ಮತವಿಲ್ಲ. ಆ ಸೀಮೆಯ ಸಭೆಗಳಲ್ಲಿ ಸೇವೆ ಮಾಡುತ್ತಿರುವ ಓದುಗರು ತಮ್ಮ ಹಿರಿಯರನ್ನು ವಿಚಾರಿಸಿ ನಮಗೆ ತಿಳಿಸಿದರೆ ಉಪಕಾರವಾಗುತ್ತದೆ.